ಪ್ರತಿಭೆಗೆ ಬಣ್ಣವಿಲ್ಲ ಎನ್ನುವವರು ಗುರುವಿನ ಬಾಗಿಲು ಮುಚ್ಚುವುದೇಕೆ?

ಡೊನಾಲ್ಡ್ ಟ್ರಂಪ್ ಅಮೆರಿಕದ ಅಧ್ಯಕ್ಷರಾಗಿ ಎರಡನೆಯ ಬಾರಿ ಪ್ರಮಾಣವಚನ ಸ್ವೀಕರಿಸಿದ್ದು 2025ರ ಜನವರಿ 20ರಂದು. ಅದೇ ದಿನ ಅವರು ಸಹಿ ಹಾಕಿದ ಆದೇಶಗಳಲ್ಲಿ ಒಂದು, ‘ವೈವಿಧ್ಯ, ಸಮಾನತೆ, ಒಳಗೊಳ್ಳುವಿಕೆ’ಯ ಹೆಸರಿನಲ್ಲಿ ಸರಕಾರಿ ಹಣದಿಂದ ನಡೆಯುತ್ತಿದ್ದ ಕಾರ್ಯಕ್ರಮಗಳನ್ನು ನಿಲ್ಲಿಸಬೇಕೆಂದು ವಿಧಿಸಿತು. ಫೆಬ್ರವರಿಯ ಕೊನೆಯಿಂದ ಆ ದೇಶದ ವಿಶ್ವವಿದ್ಯಾಲಯಗಳಿಗೆ ಪತ್ರಗಳು ಬರತೊಡಗಿದವು. ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್, ಅಂದರೆ ಎನ್‌ಐಎಚ್, ಜಗತ್ತಿನಲ್ಲೇ ವೈದ್ಯಕೀಯ ಸಂಶೋಧನೆಗೆ ಅತಿ ಹೆಚ್ಚು ಹಣ ನೀಡುವ ಸರಕಾರಿ ಸಂಸ್ಥೆ. ನೂರಾರು ಅನುದಾನಗಳನ್ನು ಅದು ಅರ್ಧದಲ್ಲೇ ರದ್ದುಗೊಳಿಸಿತು. ಅವುಗಳಲ್ಲಿ ರೋಗಗಳ ಮೇಲಿನ ಸಂಶೋಧನೆಗಳೂ ಇದ್ದವು. ಅವುಗಳ ಜೊತೆಗೇ, ಹೆಚ್ಚು ಸದ್ದಿಲ್ಲದೆ ಬಲಿಯಾದ ಇನ್ನೊಂದು ಸಂಗತಿಯಿತ್ತು: ಕಪ್ಪುವರ್ಣೀಯ, ಹಿಸ್ಪಾನಿಕ್, ಮೂಲನಿವಾಸಿ ಹಾಗೂ ಬಡ ಕುಟುಂಬಗಳ ವಿದ್ಯಾರ್ಥಿಗಳನ್ನು ಅನುಭವಿ ವಿಜ್ಞಾನಿಯೊಬ್ಬರ ಕೈಗೆ ಒಪ್ಪಿಸಿ, ಅವರನ್ನು ಆರೋಗ್ಯ ಸಂಶೋಧಕರನ್ನಾಗಿ ಬೆಳೆಸುವ ಮಾರ್ಗದರ್ಶನ ಕಾರ್ಯಕ್ರಮಗಳು. ಅವುಗಳಲ್ಲಿ ಕೆಲವು 1970ರ ದಶಕದಿಂದ ನಡೆದು ಬಂದವು.

ಸುಂಕ ಮತ್ತು ವೀಸಾದ ಗದ್ದಲದ ನಡುವೆ ಈ ಸುದ್ದಿ ನಮ್ಮಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. ಅಮೆರಿಕದ ಕಪ್ಪುವರ್ಣೀಯ ವಿದ್ಯಾರ್ಥಿಗೆ ಮಾರ್ಗದರ್ಶಕ ಸಿಕ್ಕಿದರೇನು, ಸಿಗದಿದ್ದರೇನು ಎಂದು ಕೇಳುವವರೂ ಇರಬಹುದು. ಆದರೆ ಆ ಕಾರ್ಯಕ್ರಮಗಳನ್ನು ನಿಲ್ಲಿಸಲು ಬಳಸಲಾದ ವಾದವನ್ನು ಸ್ವಲ್ಪ ಗಮನವಿಟ್ಟು ಆಲಿಸಿದರೆ ಅದು ತೀರಾ ಪರಿಚಿತವೆನಿಸುತ್ತದೆ. ಪ್ರತಿಭೆಯೊಂದೇ ಮಾನದಂಡವಾಗಲಿ, ಬಣ್ಣ ನೋಡಬೇಡಿ, ಯಾರಿಗೂ ವಿಶೇಷ ಕೃಪೆ ಬೇಡ. ಎಷ್ಟು ಮಧುರವಾದ ಮಾತು! ಮಂಡಲ್ ವರದಿಯ ಕಾಲದಿಂದಲೂ ಈ ದೇಶದಲ್ಲಿ ನಾವು ಇದನ್ನೇ ಕೇಳುತ್ತಾ ಬಂದಿದ್ದೇವೆ. ಈ ಮಾತನ್ನಾಡುವವರು ಉತ್ತರಿಸದೆ ಬಿಡುವ ಒಂದು ಪ್ರಶ್ನೆಯಿದೆ. ಸಂಶೋಧಕನ ಪ್ರತಿಭೆ ಹುಟ್ಟಿನಿಂದ ಬರುತ್ತದೆಯೇ, ಅಥವಾ ಅದನ್ನು ಯಾರಾದರೂ ಕೈಹಿಡಿದು ಕಲಿಸುತ್ತಾರೆಯೇ? ಕಲಿಸುತ್ತಾರೆಂದಾದರೆ, ಯಾರಿಗೆ ಕಲಿಸಬೇಕೆಂದು ನಿರ್ಧರಿಸುವವರು ಯಾರು?

ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ವಿವಿಯನ್ ಥಾಮಸ್‌ರ ಬದುಕನ್ನು ನೋಡಬೇಕು. 1910ರಲ್ಲಿ ಲೂಸಿಯಾನಾದಲ್ಲಿ ಹುಟ್ಟಿ ನ್ಯಾಶ್‌ವಿಲ್‌ನಲ್ಲಿ ಬೆಳೆದ ಈ ಕಪ್ಪುವರ್ಣೀಯ ತರುಣ ಬಡಗಿಯ ಕೆಲಸ ಮಾಡುತ್ತಾ ವೈದ್ಯನಾಗುವ ಕನಸಿನಿಂದ ಹಣ ಕೂಡಿಡುತ್ತಿದ್ದರು. ಮಹಾ ಆರ್ಥಿಕ ಕುಸಿತದಲ್ಲಿ ಬ್ಯಾಂಕು ಮುಳುಗಿ ಆ ಹಣವೂ ಹೋಯಿತು. 1930ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಆಲ್ಫ್ರೆಡ್ ಬ್ಲೇಲಾಕ್ ಎಂಬ ಬಿಳಿಯ ಶಸ್ತ್ರವೈದ್ಯನ ಪ್ರಯೋಗಾಲಯದಲ್ಲಿ ಅವರಿಗೆ ಕೆಲಸ ಸಿಕ್ಕಿತು. ಬ್ಲೇಲಾಕ್ ಅವರಿಗೆ ಶಸ್ತ್ರಕ್ರಿಯೆ ಕಲಿಸಿದರು, ರಸಾಯನಶಾಸ್ತ್ರ ಕಲಿಸಿದರು, ಪ್ರಯೋಗದ ಲೆಕ್ಕ ಬರೆಯುವುದನ್ನು ಕಲಿಸಿದರು. ಕೆಲವೇ ವರ್ಷಗಳಲ್ಲಿ ಶಿಷ್ಯ ಗುರುವನ್ನು ಮೀರಿಸುವಷ್ಟು ನಿಪುಣರಾದರು. ಆದರೆ ವಿಶ್ವವಿದ್ಯಾಲಯದ ದಾಖಲೆಯಲ್ಲಿ ಅವರ ಹುದ್ದೆ ಜಾಡಮಾಲಿಯದ್ದು, ಸಂಬಳವೂ ಅದರದ್ದೇ.

1941ರಲ್ಲಿ ಬ್ಲೇಲಾಕ್ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ಗೆ ಹೋದಾಗ ಥಾಮಸ್‌ರನ್ನೂ ಕರೆದೊಯ್ದರು. ಹೃದಯದ ಜನ್ಮದೋಷದಿಂದ ಮೈ ನೀಲಿಗಟ್ಟಿ ಸಾಯುತ್ತಿದ್ದ ಮಕ್ಕಳಿಗೆ ಏನಾದರೂ ಮಾಡಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಮಕ್ಕಳ ಹೃದಯತಜ್ಞೆ ಹೆಲೆನ್ ಟಾಸಿಗ್ ಮುಂದಿಟ್ಟಿದ್ದರು. ಪ್ರಯೋಗಾಲಯದಲ್ಲಿ ನಾಯಿಗಳ ಮೇಲೆ ಆ ದೋಷವನ್ನು ಸೃಷ್ಟಿಸಿ, ಅದನ್ನು ಸರಿಪಡಿಸುವ ಶಸ್ತ್ರಕ್ರಿಯೆಯನ್ನು ರೂಪಿಸಿ, ಅದಕ್ಕೆ ಬೇಕಾದ ಸಲಕರಣೆಗಳನ್ನು ಹೊಂದಿಸಿದವರು ಥಾಮಸ್. 1944ರ ನವೆಂಬರ್ 29ರಂದು ಮೊದಲ ಬಾರಿಗೆ ಒಂದು ಹಸುಳೆಯ ಮೇಲೆ ಆ ಶಸ್ತ್ರಕ್ರಿಯೆ ನಡೆದಾಗ ಅವರು ಬ್ಲೇಲಾಕ್‌ರ ಬೆನ್ನ ಹಿಂದೆ ಒಂದು ಸಣ್ಣ ಮೆಟ್ಟಿಲ ಮೇಲೆ ನಿಂತು ಹೆಜ್ಜೆಹೆಜ್ಜೆಗೂ ಸೂಚನೆ ಕೊಡುತ್ತಿದ್ದರು. 1945ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಪತ್ರಿಕೆಯಲ್ಲಿ ಲೇಖನ ಪ್ರಕಟವಾಯಿತು. ಲೇಖಕರು ಇಬ್ಬರು: ಬ್ಲೇಲಾಕ್ ಮತ್ತು ಟಾಸಿಗ್. ಶಸ್ತ್ರಕ್ರಿಯೆಗೂ ಆ ಇಬ್ಬರದ್ದೇ ಹೆಸರು ಬಂತು. ಥಾಮಸ್ ಹಗಲಿನಲ್ಲಿ ಹಾಪ್ಕಿನ್ಸ್‌ನ ತರುಣ ಶಸ್ತ್ರವೈದ್ಯರಿಗೆ ಹೊಲಿಗೆ ಹಾಕುವುದನ್ನು ಕಲಿಸುತ್ತಿದ್ದರು. ಸಂಸಾರದ ಖರ್ಚು ತೂಗಿಸಲು ಸಂಜೆ ಬ್ಲೇಲಾಕ್‌ರ ಔತಣಕೂಟಗಳಲ್ಲಿ ಅದೇ ಜನರಿಗೆ ಪಾನೀಯ ಹಂಚುತ್ತಿದ್ದರು. 1976ರಲ್ಲಿ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅದೂ ವೈದ್ಯಶಾಸ್ತ್ರದಲ್ಲಲ್ಲ, ಕಾನೂನಿನಲ್ಲಿ!

ಪ್ರತಿಭೆಯೊಂದೇ ಸಾಕೆನ್ನುವವರು ಈ ಕಥೆಗೆ ಏನೆನ್ನುತ್ತಾರೆ? ಥಾಮಸ್‌ರಲ್ಲಿ ಪ್ರತಿಭೆಗೆ ಕೊರತೆಯಿತ್ತೇ? ಒಬ್ಬ ಗುರುವಿನ ಬಾಗಿಲು ಅರ್ಧ ತೆರೆದಿತ್ತು. ಆದ್ದರಿಂದ ಅವರ ಪ್ರತಿಭೆ ಜಗತ್ತಿಗೆ ದಕ್ಕಿತು. ಇನ್ನರ್ಧ ಮುಚ್ಚಿತ್ತು, ಆದ್ದರಿಂದ ಅವರಿಗೆ ಪದವಿಯಾಗಲಿ, ಲೇಖನದಲ್ಲಿ ಹೆಸರಾಗಲಿ, ಸ್ವಂತ ಪ್ರಯೋಗಾಲಯವಾಗಲಿ ದಕ್ಕಲಿಲ್ಲ. ಬಡಗಿಯಾಗಿಯೇ ಉಳಿದ ಎಷ್ಟು ಮಂದಿ ಥಾಮಸರು ನ್ಯಾಶ್‌ವಿಲ್‌ನಲ್ಲಿದ್ದರೆಂದು ಲೆಕ್ಕ ಇಟ್ಟವರಿಲ್ಲ. ಥಾಮಸ್ ತಮಗೆ ಸಿಗದಿದ್ದುದನ್ನು ಮುಂದಿನವರಿಗೆ ಕೊಟ್ಟರು. 1970ರ ದಶಕದಲ್ಲಿ ಹಾಪ್ಕಿನ್ಸ್‌ನಲ್ಲಿ ತರಬೇತಿಗೆ ಬಂದ ಲೆವಿ ವಾಟ್ಕಿನ್ಸ್ ಎಂಬ ಕಪ್ಪುವರ್ಣೀಯ ವೈದ್ಯರಿಗೆ ಅವರು ಮಾರ್ಗದರ್ಶಕರಾದರು. ಹೃದಯ ಬಡಿತ ತಪ್ಪಿದಾಗ ತಾನಾಗಿ ಆಘಾತ ಕೊಟ್ಟು ಸರಿಪಡಿಸುವ ಯಂತ್ರವನ್ನು 1980ರಲ್ಲಿ ಮೊತ್ತಮೊದಲ ಬಾರಿಗೆ ಮನುಷ್ಯನ ದೇಹದೊಳಗೆ ಅಳವಡಿಸಿದವರು ಇದೇ ವಾಟ್ಕಿನ್ಸ್. ಅವರು ವೈದ್ಯಕೀಯ ಕಾಲೇಜಿನ ಪ್ರವೇಶ ಸಮಿತಿಯಲ್ಲಿ ಕುಳಿತು ಇನ್ನಷ್ಟು ಕಪ್ಪುವರ್ಣೀಯ ವಿದ್ಯಾರ್ಥಿಗಳನ್ನು ಹುಡುಕಿ ತಂದರು.

ಇದೆಲ್ಲ ಹಳೆಯ ಕಾಲದ ಮಾತಾಯಿತು, ಈಗ ಕಾನೂನು ಎಲ್ಲರಿಗೂ ಒಂದೇ ಎಂದು ಹೇಳುವವರಿಗೆ 2011ರಲ್ಲಿ ‘ಸೈನ್ಸ್’ ಪತ್ರಿಕೆ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತದೆ. ಅದನ್ನು ಮಾಡಿಸಿದ್ದು ಎನ್‌ಐಎಚ್ ಸಂಸ್ಥೆಯೇ. ಅರ್ಥಶಾಸ್ತ್ರಜ್ಞೆ ಡೊನ್ನಾ ಗಿಂಥರ್ ಮತ್ತು ಸಂಗಡಿಗರು 2000ದಿಂದ 2006ರವರೆಗಿನ ಎಂಬತ್ತು ಸಾವಿರಕ್ಕೂ ಹೆಚ್ಚು ಅನುದಾನದ ಅರ್ಜಿಗಳನ್ನು ಪರಿಶೀಲಿಸಿದರು. ಬಿಳಿಯ ವಿಜ್ಞಾನಿಗಳ ಪ್ರತಿ ನೂರು ಅರ್ಜಿಗಳಲ್ಲಿ 29ಕ್ಕೆ ಹಣ ಸಿಕ್ಕಿದರೆ, ಕಪ್ಪುವರ್ಣೀಯರ ನೂರು ಅರ್ಜಿಗಳಲ್ಲಿ 16ಕ್ಕೆ ಮಾತ್ರ ಸಿಕ್ಕಿತ್ತು. ಓದಿದ ಕಾಲೇಜು, ಪಡೆದ ತರಬೇತಿ, ಪ್ರಕಟಿಸಿದ ಲೇಖನಗಳು, ಹಿಂದೆ ಪಡೆದ ಪುರಸ್ಕಾರಗಳು, ಕೆಲಸ ಮಾಡುವ ಸಂಸ್ಥೆ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ 10 ಶೇಕಡಾ ಅಂಶಗಳ ಅಂತರ ಉಳಿಯಿತು. ಅಂದರೆ ಅರ್ಹತೆಯನ್ನು ತೂಗುವ ತಕ್ಕಡಿಯಲ್ಲಿ ಎಲ್ಲ ಬಟ್ಟುಗಳನ್ನೂ ಇಟ್ಟ ಬಳಿಕವೂ ಒಂದು ತಟ್ಟೆ ಮೇಲೇ ಇತ್ತು.

ಯಾಕೆ ಹೀಗಾಗುತ್ತದೆ? ಪಕ್ಷಪಾತವೊಂದರಿಂದಲೇ ಎಂದು ಹೇಳಿಬಿಟ್ಟರೆ ವಿಷಯ ಪೂರ್ತಿಯಾಗುವುದಿಲ್ಲ. ಸಂಶೋಧನೆಯ ಜಗತ್ತಿನಲ್ಲಿ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ನಿಯಮಗಳಿವೆ. ಅರ್ಜಿಯ ಮೊದಲ ಪುಟದಲ್ಲಿ ಏನನ್ನು ಬರೆಯಬೇಕು, ಯಾವ ಪತ್ರಿಕೆಗೆ ಲೇಖನ ಕಳಿಸಬೇಕು, ಪರಿಶೀಲಕರು ತಿರಸ್ಕರಿಸಿದರೆ ಎದೆಗುಂದದೆ ಹೇಗೆ ಉತ್ತರಿಸಬೇಕು, ಲೇಖಕರ ಸಾಲಿನಲ್ಲಿ ತನ್ನ ಹೆಸರು ಎಲ್ಲಿರಬೇಕೆಂದು ಯಾವಾಗ ಕೇಳಬೇಕು, ಶಿಫಾರಸು ಪತ್ರ ಯಾರಿಂದ ಪಡೆದರೆ ಅದಕ್ಕೆ ತೂಕ, ಯಾವ ಸಮ್ಮೇಳನದ ಚಹಾ ವಿರಾಮದಲ್ಲಿ ಯಾರನ್ನು ಮಾತನಾಡಿಸಬೇಕು. ಪ್ರಾಧ್ಯಾಪಕರ ಮಗನಿಗೆ ಇವೆಲ್ಲ ರಾತ್ರಿಯ ಊಟದ ಹೊತ್ತಿನಲ್ಲೇ ತಿಳಿದಿರುತ್ತವೆ. ತರಕಾರಿ ಮಾರುವವನ ಮಗಳಿಗೆ ಯಾರೂ ಹೇಳುವುದಿಲ್ಲ. ಮಾರ್ಗದರ್ಶನವೆಂದರೆ ಈ ಬರೆಯದ ನಿಯಮಗಳನ್ನು ಬಾಯಿಬಿಟ್ಟು ಹೇಳುವುದು, ಅಷ್ಟೆ. ಇದು ವಿಶೇಷ ಕೃಪೆಯಾದರೆ ಪ್ರಾಧ್ಯಾಪಕರ ಮನೆಯ ಊಟದ ಮೇಜನ್ನು ಏನೆಂದು ಕರೆಯೋಣ?

ಸಂಶೋಧಕನ ಹುಟ್ಟು-ಹಿನ್ನೆಲೆ ಅವನ ಸ್ವಂತ ಉದ್ಯೋಗಕ್ಕಷ್ಟೇ ಸಂಬಂಧಿಸಿದ್ದಲ್ಲ. ಯಾವ ಪ್ರಶ್ನೆಯನ್ನು ಕೇಳಲಾಗುತ್ತದೆ ಎಂಬುದನ್ನೂ ಅದು ನಿರ್ಧರಿಸುತ್ತದೆ. 2019ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ನಲ್ಲಿ ಪ್ರಕಟವಾದ ಎನ್‌ಐಎಚ್‌ನದೇ ಇನ್ನೊಂದು ಅಧ್ಯಯನದ ಪ್ರಕಾರ, ಕಪ್ಪುವರ್ಣೀಯ ವಿಜ್ಞಾನಿಗಳು ಸಮುದಾಯದ ಮಟ್ಟದ ಆರೋಗ್ಯ ಮತ್ತು ಆರೋಗ್ಯದ ಅಸಮಾನತೆಗಳಂತಹ ವಿಷಯಗಳನ್ನು ಹೆಚ್ಚಾಗಿ ಆರಿಸಿಕೊಳ್ಳುತ್ತಾರೆ, ಅಂತಹ ವಿಷಯಗಳಿಗೆ ಹಣ ಸಿಗುವುದೇ ಕಡಿಮೆ, ಅನುದಾನದ ಅಂತರದ ಐದನೆಯ ಒಂದು ಭಾಗಕ್ಕೂ ಮಿಗಿಲಾದ ಪಾಲಿಗೆ ಈ ವಿಷಯದ ಆಯ್ಕೆಯೇ ಕಾರಣ. ಬಡವರ ಕಾಯಿಲೆಯ ಬಗ್ಗೆ ಕೇಳುವವನು ತಾನೂ ಬಡವಾಗಬೇಕೆಂಬ ವ್ಯವಸ್ಥೆಯಿದು.

ಇದರ ಪರಿಣಾಮ ನಮ್ಮ ಮನೆಗಳಿಗೂ ಬಂದಿದೆ. 2021ರ ಕೊರೋನಾದ ಎರಡನೆಯ ಅಲೆಯಲ್ಲಿ ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕ, ಅಂದರೆ ಪಲ್ಸ್ ಆಕ್ಸಿಮೀಟರ್ ಕೊಳ್ಳದ ಮನೆಗಳು ನಮ್ಮ ಪಟ್ಟಣಗಳಲ್ಲಿ ಎಷ್ಟಿದ್ದವು? ಅದು ತೋರಿಸಿದ ಅಂಕಿಯನ್ನು ನಂಬಿ ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂದು ನಾವು ನಿರ್ಧರಿಸಿದೆವು. ಆ ಯಂತ್ರ ಚರ್ಮದ ಮೂಲಕ ಬೆಳಕು ಹಾಯಿಸಿ ಅಳೆಯುತ್ತದೆ. 2020ರ ಡಿಸೆಂಬರಿನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನ ಹೇಳಿದ್ದಿಷ್ಟು: ಮಾಪಕ 92ರಿಂದ 96 ಎಂದು ತೋರಿಸುತ್ತಿದ್ದಾಗ ರಕ್ತದಲ್ಲಿ ನಿಜವಾಗಿ ಆಮ್ಲಜನಕ 88ಕ್ಕಿಂತ ಕೆಳಗಿಳಿದಿದ್ದ ಸಂದರ್ಭಗಳು ಬಿಳಿಯ ರೋಗಿಗಳಲ್ಲಿ ಶೇ. 3.6, ಕಪ್ಪುವರ್ಣೀಯ ರೋಗಿಗಳಲ್ಲಿ ಶೇ. 11.7. ಕಪ್ಪು ಚರ್ಮದ ಮೇಲೆ ಈ ಯಂತ್ರ ತಪ್ಪು ಲೆಕ್ಕ ಕೊಡುತ್ತದೆಂಬ ಸುಳಿವು 1990ರಲ್ಲೇ ಸಿಕ್ಕಿತ್ತು. ಮೂವತ್ತು ವರ್ಷ ಆ ಸುಳಿವನ್ನು ಯಾರೂ ಗಂಭೀರವಾಗಿ ಹಿಂಬಾಲಿಸಲಿಲ್ಲ. ಯಂತ್ರ ತಯಾರಿಸುವವರ, ಪರೀಕ್ಷಿಸುವವರ, ಅನುಮತಿ ಕೊಡುವವರ ಬೆರಳುಗಳು ಕಪ್ಪಾಗಿದ್ದಿದ್ದರೆ ಇಷ್ಟು ತಡವಾಗುತ್ತಿತ್ತೇ?

ಭಾರತೀಯ ಮೂಲದವರಿಗೆ ಹೃದ್ರೋಗ ಹೆಚ್ಚು ಎಂಬುದು ವೈದ್ಯರಿಗೆಲ್ಲ ತಿಳಿದ ವಿಷಯ. ಆದರೆ ಅಮೆರಿಕದಲ್ಲಿರುವ ದಕ್ಷಿಣ ಏಷ್ಯಾದವರ ಹೃದಯಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ‘ಮಸಾಲಾ’ ಎಂಬ ದೊಡ್ಡ ಅಧ್ಯಯನ ಆರಂಭವಾದದ್ದು 2010ರಲ್ಲಿ. ಅದರ ಮುಂದಾಳುಗಳು ಅಲ್ಕಾ ಕನಾಯಾ ಮತ್ತು ನಮ್ರತಾ ಕಂಡುಲ. ಹೆಸರುಗಳನ್ನು ಗಮನಿಸಿ.

ಇನ್ನು ಟಸ್ಕೀಗಿಯ ಕಥೆಯನ್ನು ಹೇಳದೆ ಹೋಗುವಂತಿಲ್ಲ. 1932ರಿಂದ 1972ರವರೆಗೆ, ಪೂರ್ತಿ ನಾಲ್ವತ್ತು ವರ್ಷ, ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆ ಅಲಬಾಮಾದ ನೂರಾರು ಬಡ ಕಪ್ಪುವರ್ಣೀಯ ಪುರುಷರನ್ನು ಸಿಫಿಲಿಸ್ ರೋಗ ಹೇಗೆ ಬೆಳೆಯುತ್ತದೆಂದು ‘ಗಮನಿಸುತ್ತಾ’ ಕುಳಿತಿತ್ತು. ಪೆನಿಸಿಲಿನ್ ಬಂದ ಮೇಲೂ ಅವರಿಗೆ ಅದನ್ನು ಕೊಡಲಿಲ್ಲ. ಅಧ್ಯಕ್ಷ ಬಿಲ್ ಕ್ಲಿಂಟನ್ ಕ್ಷಮೆ ಕೇಳಿದ್ದು 1997ರಲ್ಲಿ. ಇಂತಹ ಇತಿಹಾಸವಿರುವ ದೇಶದಲ್ಲಿ ಬಿಳಿಕೋಟು ತೊಟ್ಟವರು ಲಸಿಕೆ ಹಾಕಿಸಿಕೊಳ್ಳಿ ಎಂದರೆ ಕಪ್ಪುವರ್ಣೀಯ ಅಜ್ಜಿಯೊಬ್ಬಳು ಏಕೆ ನಂಬಬೇಕು? ಮಾಡರ್ನಾ ಲಸಿಕೆಯನ್ನು ರೂಪಿಸಿದ ಎನ್‌ಐಎಚ್ ತಂಡದಲ್ಲಿ ಮುಖ್ಯ ವಿಜ್ಞಾನಿಯಾಗಿದ್ದವರು ಕಿಜ್ಮೇಕಿಯಾ ಕಾರ್ಬೆಟ್ ಎಂಬ ತರುಣಿ, ಕಪ್ಪುವರ್ಣೀಯಳು. ಸಂಶಯದಿಂದಿದ್ದ ಜನರ ಮುಂದೆ ನಿಂತು ಲಸಿಕೆಯನ್ನು ವಿವರಿಸಿದವರಲ್ಲಿ ಆಕೆಯೂ ಒಬ್ಬರು.

ಆ ಕಾರ್ಬೆಟ್ ಎಲ್ಲಿಂದ ಬಂದರು? ಇಲ್ಲಿಯೇ ನಮ್ಮ ವಿಷಯದ ತಿರುಳಿರುವುದು. ಆಕೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್‌ನಲ್ಲಿ ಮೇಯರ್‌ಹಾಫ್ ವಿದ್ಯಾರ್ಥಿನಿಯಾಗಿ 2008ರಲ್ಲಿ ಪದವಿ ಪಡೆದವರು. 1988ರಲ್ಲಿ ದಾನಿಗಳಾದ ರಾಬರ್ಟ್ ಮತ್ತು ಜೇನ್ ಮೇಯರ್‌ಹಾಫ್ ದಂಪತಿಗಳ ಹಣದಿಂದ, ಗಣಿತಜ್ಞ ಫ್ರೀಮನ್ ಹ್ರಬೋವ್‌ಸ್ಕಿಯವರ ಯೋಜನೆಯಿಂದ ಅದು ಆರಂಭವಾಯಿತು. ಈ ಹ್ರಬೋವ್‌ಸ್ಕಿ 1963ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಮಕ್ಕಳ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿ, ಹನ್ನೆರಡನೆಯ ವಯಸ್ಸಿನಲ್ಲೇ ಐದು ದಿನ ಸೆರೆಮನೆಯಲ್ಲಿದ್ದವರು. ಮೊದಲ ತಂಡದಲ್ಲಿದ್ದವರು 19 ಮಂದಿ, ಎಲ್ಲರೂ ಕಪ್ಪುವರ್ಣೀಯ ಹುಡುಗರು. ಮರುವರ್ಷ ಹುಡುಗಿಯರು ಸೇರಿದರು. 1996ರಿಂದ ಎಲ್ಲ ಜನಾಂಗದವರಿಗೂ ಬಾಗಿಲು ತೆರೆಯಿತು.

ಅಲ್ಲಿ ನಡೆಯುವುದೇನು? ಕಾಲೇಜು ಆರಂಭವಾಗುವ ಮೊದಲೇ ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಉಳಿದು ಗಣಿತ, ವಿಜ್ಞಾನ ಓದುತ್ತಾರೆ. ಒಬ್ಬನೇ ಕುಳಿತು ಓದಿ ಮೊದಲಿಗನಾಗುವುದಕ್ಕಿಂತ ಗುಂಪಾಗಿ ಓದುವುದನ್ನು ಅಲ್ಲಿ ರೂಢಿ ಮಾಡಿಸುತ್ತಾರೆ. ಬುನಾದಿಯ ವಿಷಯದಲ್ಲಿ ‘ಸಿ’ ಶ್ರೇಣಿ ಬಂದರೆ, ಪಾಸಾಯಿತಲ್ಲ ಎಂದು ಮುಂದೆ ಹೋಗಲು ಬಿಡದೆ ಮತ್ತೆ ಓದಿಸುತ್ತಾರೆ. ರಜೆಯಲ್ಲಿ ನಿಜವಾದ ಪ್ರಯೋಗಾಲಯದಲ್ಲಿ ಕೆಲಸವಿರುತ್ತದೆ. ತಂದೆತಾಯಿಯರನ್ನೂ ಕರೆಸಿ, ಮಗ ವೈದ್ಯನಾಗುವ ಬದಲು ಸಂಶೋಧಕನಾದರೂ ಅನ್ನಕ್ಕೆ ಕೊರತೆಯಿಲ್ಲವೆಂದು ಮನವರಿಕೆ ಮಾಡುತ್ತಾರೆ. ಈ ಕೊನೆಯದ್ದು ನಮ್ಮ ಮನೆಗಳಿಗೆ ಎಷ್ಟು ಅಗತ್ಯವೆಂದು ಬಿಡಿಸಿ ಹೇಳಬೇಕಿಲ್ಲ. ಇಲ್ಲಿಗೆ ಆಯ್ಕೆಯಾಗಿಯೂ ಬೇರೆ ಕಾಲೇಜಿಗೆ ಹೋದ ವಿದ್ಯಾರ್ಥಿಗಳೊಡನೆ ಹೋಲಿಸಿದಾಗ, ಇಲ್ಲಿ ಓದಿದವರು ವಿಜ್ಞಾನದಲ್ಲಿ ಪಿಎಚ್.ಡಿ. ಕಡೆಗೆ ಹೋದ ಪ್ರಮಾಣ ಸುಮಾರು ಐದು ಪಟ್ಟು ಹೆಚ್ಚು. ಗಮನಿಸಿ, ಇಬ್ಬರ ಅಂಕಗಳೂ ಹೆಚ್ಚುಕಡಿಮೆ ಒಂದೇ. ಅರ್ಹತೆ ಸಮಾನವಾಗಿದ್ದಾಗ ವ್ಯತ್ಯಾಸ ಮಾಡಿದ್ದು ಮಾರ್ಗದರ್ಶನ.

2011ರ ಅಧ್ಯಯನದಿಂದ ಮುಖಭಂಗಗೊಂಡ ಎನ್‌ಐಎಚ್, 2014ರಲ್ಲಿ ಇದೇ ಹಾದಿ ಹಿಡಿಯಿತು. ಗ್ಯಾಂಬಿಯಾದಲ್ಲಿ ಹುಟ್ಟಿದ ಹೃದಯತಜ್ಞೆ ಹ್ಯಾನಾ ವ್ಯಾಲಂಟೈನ್‌ರನ್ನು ಸಂಶೋಧಕ ಬಳಗದ ವೈವಿಧ್ಯಕ್ಕಾಗಿಯೇ ಅಧಿಕಾರಿಯಾಗಿ ನೇಮಿಸಿತು. ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಿಂದ ಟೆಕ್ಸಾಸ್‌ನ ಎಲ್ ಪಾಸೋವರೆಗೆ ಹತ್ತು ಕಡೆ, ಹೆಚ್ಚು ಸಂಶೋಧನಾ ಹಣ ಕಾಣದ ವಿಶ್ವವಿದ್ಯಾಲಯಗಳಿಗೆ ‘ಬಿಲ್ಡ್’ ಎಂಬ ಅನುದಾನ ನೀಡಿತು. ದೇಶದ ಯಾವ ಮೂಲೆಯ ವಿದ್ಯಾರ್ಥಿಗೂ ಮಾರ್ಗದರ್ಶಕರನ್ನು ಜೋಡಿಸುವ ರಾಷ್ಟ್ರೀಯ ಜಾಲವೊಂದನ್ನು ಕಟ್ಟಿತು.

ಹಾಗಂತ ಈ ಕಾರ್ಯಕ್ರಮಗಳನ್ನು ಕಣ್ಣುಮುಚ್ಚಿ ಹೊಗಳಬೇಕಾಗಿಲ್ಲ. ಅವುಗಳ ಹಿಂದೆ ಒಂದು ಅಪಾಯಕಾರಿ ಕಲ್ಪನೆ ಅವಿತಿರುತ್ತದೆ: ದೋಷವಿರುವುದು ವಿದ್ಯಾರ್ಥಿಯಲ್ಲಿ, ಅವನನ್ನು ದುರಸ್ತಿ ಮಾಡಿದರೆ ಸಾಕು ಎಂಬುದು. ಅರ್ಜಿ ಬರೆಯುವುದನ್ನು ಎಷ್ಟೇ ಚೆನ್ನಾಗಿ ಕಲಿಸಿದರೂ, ಅರ್ಜಿಯನ್ನು ತೂಗುವವನ ಕಣ್ಣು ಬದಲಾಗದಿದ್ದರೆ ಏನು ಪ್ರಯೋಜನ? ಮಾರ್ಗದರ್ಶನವನ್ನು ಹಣದ ಬದಲಿಗೆ ಕೊಡುವ ಸಮಾಧಾನದ ಬಹುಮಾನ ಮಾಡಿಕೊಳ್ಳುವ ಚಾಳಿಯೂ ಇದೆ. ಇನ್ನೊಂದೆಡೆ, ವಿಭಾಗದಲ್ಲಿರುವ ಒಬ್ಬನೇ ಕಪ್ಪುವರ್ಣೀಯ ಪ್ರಾಧ್ಯಾಪಕನ ತಲೆಯ ಮೇಲೆ ಎಲ್ಲ ಕಪ್ಪುವರ್ಣೀಯ ವಿದ್ಯಾರ್ಥಿಗಳ ಹೊಣೆ ಹೇರಿ, ಕೊನೆಗೆ ಅವನ ಬಡ್ತಿಯ ಕಾಲಕ್ಕೆ ‘ನೀನು ಪ್ರಕಟಿಸಿದ ಲೇಖನಗಳು ಕಡಿಮೆ’ ಎನ್ನಲಾಗುತ್ತದೆ. ಆದ್ದರಿಂದಲೇ ಮಾರ್ಗದರ್ಶಕರಿಗೇ ತರಬೇತಿ ಬೇಕೆಂಬ ವಿಚಾರ ಬಂತು. ವಿಸ್ಕಾನ್ಸಿನ್‌ನ ಕ್ರಿಸ್ಟೀನ್ ಫಂಡ್ ಮತ್ತು ಸಂಗಡಿಗರು 16 ಸಂಸ್ಥೆಗಳ 283 ಜೋಡಿಗಳನ್ನು ಇಟ್ಟುಕೊಂಡು ನಡೆಸಿ 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ತರಬೇತಿ ಪಡೆದ ಮಾರ್ಗದರ್ಶಕರ ಕೌಶಲ ನಿಜಕ್ಕೂ ಹೆಚ್ಚಿತ್ತು. ಒಳ್ಳೆಯ ವಿಜ್ಞಾನಿಯೆಲ್ಲ ಒಳ್ಳೆಯ ಗುರುವೆಂಬುದು ನಾವೂ ನಂಬಿರುವ ಸುಳ್ಳುಗಳಲ್ಲಿ ಒಂದು.

ವಿರೋಧಿಗಳ ಒಂದು ವಾದಕ್ಕೆ ಮಾತ್ರ ನ್ಯಾಯವಾಗಿ ಉತ್ತರಿಸಬೇಕು. ಕಲ್ಲಿದ್ದಲು ಗಣಿಯ ಊರಿನ ಬಡ ಬಿಳಿಯ ಹುಡುಗನಿಗೆ ಯಾರಿದ್ದಾರೆ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಸರಿಯಾದುದೇ. ಆದರೆ ಎನ್‌ಐಎಚ್‌ನ ವ್ಯಾಖ್ಯೆಯಲ್ಲಿ ಜನಾಂಗವಷ್ಟೇ ಇರಲಿಲ್ಲ. ಅಂಗವಿಕಲರು, ಬಡತನದ ಹಿನ್ನೆಲೆಯವರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಹತ್ತಿದವರು, ಅನಾಥರಂತೆ ಪರರ ಮನೆಯಲ್ಲಿ ಬೆಳೆದವರು, ಇವರೆಲ್ಲರೂ ಇದ್ದರು. ಕಾರ್ಯಕ್ರಮಗಳನ್ನು ನಿಲ್ಲಿಸಿದಾಗ ಆ ಬಡ ಬಿಳಿಯ ಹುಡುಗನ ಬಾಗಿಲೂ ಮುಚ್ಚಿತು. ಅವನ ಹೆಸರು ಹೇಳಿ ಕಣ್ಣೀರು ಸುರಿಸಿದವರು ಅವನಿಗೆ ಬೇರೆ ಬಾಗಿಲನ್ನೇನೂ ತೆರೆಯಲಿಲ್ಲ.

2023ರ ಜೂನ್ 29ರಂದು ಅಮೆರಿಕದ ಸುಪ್ರೀಮ್ ಕೋರ್ಟು ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ, ಪ್ರವೇಶದ ವೇಳೆ ಜನಾಂಗವನ್ನು ಪರಿಗಣಿಸುವುದು ಸಂವಿಧಾನಬಾಹಿರವೆಂದು ತೀರ್ಪಿತ್ತಿತ್ತು. ಏಷ್ಯಾ ಮೂಲದ ವಿದ್ಯಾರ್ಥಿಗಳಿಗೆ ಅನ್ಯಾಯವಾಗಿದೆಯೆಂಬ ದೂರು ಆ ಪ್ರಕರಣದ ಬೆನ್ನೆಲುಬು. ಆಗ ಸಂತೋಷಪಟ್ಟವರಲ್ಲಿ ಭಾರತೀಯರೂ ಇದ್ದರು. ಭಾರತದ ವೈದ್ಯ, ಎಂಜಿನಿಯರುಗಳಿಗೆ ಅಮೆರಿಕದ ಬಾಗಿಲು ತೆರೆದದ್ದು 1965ರ ವಲಸೆ ಕಾಯ್ದೆಯಿಂದ; ಆ ಕಾಯ್ದೆ ಬಂದದ್ದು ಕಪ್ಪುವರ್ಣೀಯರ ನಾಗರಿಕ ಹಕ್ಕಿನ ಚಳವಳಿ ಹದಗೊಳಿಸಿದ ನೆಲದಲ್ಲಿ. ಏಣಿ ಹತ್ತಿದ ಮೇಲೆ ಅದನ್ನು ಹಿಡಿದುಕೊಂಡಿದ್ದವರನ್ನೇ ಮರೆತವರನ್ನು ಏನೆಂದು ಕರೆಯಬೇಕು? 2025ರ ಏಪ್ರಿಲ್‌ನಲ್ಲಿ ಎನ್‌ಐಎಚ್‌ನ ನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡವರು ಕೋಲ್ಕತ್ತಾದಲ್ಲಿ ಹುಟ್ಟಿದ ಜಯ್ ಭಟ್ಟಾಚಾರ್ಯ. ಅನುದಾನ ರದ್ದತಿ ಅವರಿಗಿಂತ ಮೊದಲೇ ಆರಂಭವಾಗಿತ್ತು, ನಿಜ. ಅವರು ಬಂದ ಮೇಲೂ ಅದು ಮುಂದುವರಿಯಿತು.

ನ್ಯಾಯಾಲಯದಲ್ಲಿ ಮಾತ್ರ ಒಂದು ಅಪರೂಪದ ದನಿ ಕೇಳಿಬಂತು. ಬಾಸ್ಟನ್‌ನ ಫೆಡರಲ್ ನ್ಯಾಯಾಧೀಶ ವಿಲಿಯಂ ಯಂಗ್ 2025ರ ಜೂನ್ 16ರಂದು ಈ ರದ್ದತಿಗಳನ್ನು ಕಾನೂನುಬಾಹಿರವೆಂದು ಘೋಷಿಸುತ್ತಾ, ತನ್ನ ನಾಲ್ವತ್ತು ವರ್ಷಗಳ ವೃತ್ತಿಯಲ್ಲಿ ಸರಕಾರದಿಂದ ಇಂತಹ ಜನಾಂಗೀಯ ತಾರತಮ್ಯವನ್ನು ಕಂಡಿರಲಿಲ್ಲವೆಂಬ ಅರ್ಥದ ಮಾತುಗಳನ್ನಾಡಿದರು. ಇವರು ಎಡಪಂಥೀಯ ಚಳವಳಿಗಾರರಲ್ಲ, ರಿಪಬ್ಲಿಕನ್ ಅಧ್ಯಕ್ಷ ರೊನಾಲ್ಡ್ ರೇಗನ್ ನೇಮಿಸಿದವರು. ಆದರೆ ಆಗಸ್ಟ್ 21ರಂದು ಸುಪ್ರೀಮ್ ಕೋರ್ಟು 5-4ರ ಬಹುಮತದಿಂದ, ಹಣ ಮರಳಿ ಕೊಡಿಸುವ ವಿಷಯ ಬೇರೆ ನ್ಯಾಯಾಲಯಕ್ಕೆ ಸೇರಿದ್ದೆಂದು ಹೇಳಿ ರದ್ದತಿಗೆ ದಾರಿ ಮಾಡಿಕೊಟ್ಟಿತು. ವ್ಯಾಜ್ಯ ಯಾವ ಕೋರ್ಟಿಗೆ ಹೋಗಬೇಕೆಂದು ನ್ಯಾಯಾಧೀಶರು ಚರ್ಚಿಸುತ್ತಿದ್ದರೆ, ಅರ್ಧ ಪಿಎಚ್.ಡಿ. ಮಾಡಿದ ವಿದ್ಯಾರ್ಥಿ ಬಾಡಿಗೆ ಎಲ್ಲಿಂದ ಕೊಡಬೇಕು?

ಈಗ ಕನ್ನಡಿಯನ್ನು ಸ್ವಲ್ಪ ನಮ್ಮ ಕಡೆಗೂ ತಿರುಗಿಸೋಣ. ದೆಹಲಿಯ ಏಮ್ಸ್‌ನಲ್ಲಿ ಜಾತಿ ತಾರತಮ್ಯವಿದೆಯೆಂಬ ದೂರಿನ ಮೇಲೆ ಸುಖದೇವ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 69 ಮಂದಿ, ಅಧ್ಯಾಪಕರಿಂದ ತಮಗೆ ಸಾಕಷ್ಟು ನೆರವು ಸಿಗುವುದಿಲ್ಲವೆಂದು ಹೇಳಿದ್ದರು. ಸೀಟು ಸಿಕ್ಕಿತ್ತು, ಗುರು ಸಿಕ್ಕಿರಲಿಲ್ಲ. ಸಾಚಾರ್ ವರದಿಯ ಬಳಿಕ, 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ಫೆಲೋಶಿಪ್ ಅಲ್ಪಸಂಖ್ಯಾತ ಸಂಶೋಧಕರಿಗೆ ಉಸಿರಾಗಿತ್ತು. ಬೇರೆ ಯೋಜನೆಗಳೊಂದಿಗೆ ಅತಿಕ್ರಮಿಸುತ್ತದೆಂಬ ಕಾರಣ ಕೊಟ್ಟು 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಅದರ ಬಾಗಿಲೆಳೆಯಿತು. ವಾಷಿಂಗ್ಟನ್ನಿನವರು ಎರಡು ವರ್ಷ ತಡವಾಗಿ ಕಲಿತರು ಎನ್ನೋಣವೇ? ಸರಕಾರದ ಸಮೀಕ್ಷೆಯ ಪ್ರಕಾರವೇ 2021-22ರಲ್ಲಿ ಉನ್ನತ ಶಿಕ್ಷಣದಲ್ಲಿದ್ದ 4.33 ಕೋಟಿ ವಿದ್ಯಾರ್ಥಿಗಳಲ್ಲಿ ಮುಸ್ಲಿಮರು ಸುಮಾರು 21 ಲಕ್ಷ, ಅಂದರೆ ಶೇ. 5ಕ್ಕೂ ಕಡಿಮೆ. 2011ರ ಜನಗಣತಿಯಲ್ಲಿ ಸಮುದಾಯದ ಪಾಲು ಶೇ. 14.2.

ಸರಕಾರವನ್ನು ದೂರುವುದು ಅಗತ್ಯ. ಆದರೆ ಅಲ್ಲಿಗೇ ಮಾತು ಮುಗಿಸುವುದು ನಮಗೆ ಬಹಳ ಹಿತವೆನಿಸಿಬಿಟ್ಟಿದೆ. ಮೇಯರ್‌ಹಾಫ್ ದಂಪತಿಗಳು ಸರಕಾರವಲ್ಲ, ಊರಿನ ಸಿರಿವಂತರು. ನಮ್ಮಲ್ಲೂ ಅಂಥವರಿದ್ದಾರೆ. 1966ರಲ್ಲಿ ಬೆಂಗಳೂರಿನಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಅಲ್-ಅಮೀನ್ ಚಳವಳಿ ಕಟ್ಟಿದಾಗ ಸಮುದಾಯ ಕೈಜೋಡಿಸಿತು. ಬೀದರ್‌ನ ಶಾಹೀನ್ ಸಂಸ್ಥೆ ಮದರಸಾದಿಂದ ಬಂದ ಹಾಫಿಝ್ ಹುಡುಗರನ್ನು ಕೂರಿಸಿ ಗಣಿತ, ವಿಜ್ಞಾನ ಕಲಿಸಿ ವೈದ್ಯಕೀಯ ಸೀಟಿನವರೆಗೆ ತಲುಪಿಸಿದೆ. ಅದು ಮಾರ್ಗದರ್ಶನವಲ್ಲದೆ ಮತ್ತೇನು? ಆದರೆ ಸೀಟು ಸಿಕ್ಕ ದಿನ ನಾವು ಹೂಹಾರ ಹಾಕಿ, ಶಾಲು ಹೊದಿಸಿ, ಪತ್ರಿಕೆಯಲ್ಲಿ ಭಾವಚಿತ್ರ ಹಾಕಿಸಿ ಮನೆಗೆ ಮರಳುತ್ತೇವೆ. ಮರುದಿನದಿಂದ ಆ ಹುಡುಗಿ ಒಂಟಿ. ವೈದ್ಯಳಾಗಿ ಊರಿನಲ್ಲಿ ಕ್ಲಿನಿಕ್ ತೆರೆಯುವುದಕ್ಕಿಂತ ಆಚೆ ಇನ್ನೊಂದು ದಾರಿಯಿದೆ, ನಮ್ಮ ಮೊಹಲ್ಲಾಗಳ ಮಧುಮೇಹ, ರಕ್ತಹೀನತೆ, ಬೀಡಿ ಕಟ್ಟುವ ಹೆಂಗಸರ ಕೆಮ್ಮು ಇವುಗಳ ಕಾರಣವನ್ನು ಹುಡುಕುವ ದಾರಿ ಎಂದು ಆಕೆಗೆ ಹೇಳುವವರು ಯಾರು? ಹೇಳಿದರೂ, ಇನ್ನೂ ಐದು ವರ್ಷ ಓದೇ, ಮದುವೆ ಯಾವಾಗ ಎಂದು ಮನೆಯವರು ಕೇಳುವುದಿಲ್ಲವೇ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಲ್ಲಿ ಎಂಬಿಬಿಎಸ್ ವಿದ್ಯಾರ್ಥಿಗಳಿಗಾಗಿ ಅಲ್ಪಾವಧಿ ಸಂಶೋಧನಾ ವಿದ್ಯಾರ್ಥಿವೇತನವೊಂದನ್ನು ಆರಂಭಿಸಿತು. ಎರಡು ತಿಂಗಳ ಕೆಲಸ, ಸ್ವಂತ ಕಾಲೇಜಿನಲ್ಲೇ, ಸ್ವಂತ ಪ್ರಶ್ನೆಯ ಮೇಲೆ. ಸಂಶೋಧನೆಯ ಮೊದಲ ಮೆಟ್ಟಿಲು ಅನೇಕರಿಗೆ ಇದೇ ಆಗಿದೆ. ಈ ಸಲದ ಅಭಿನಂದನಾ ಸಮಾರಂಭಕ್ಕೆ ವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆಯುವ ಅಂಜುಮನ್‌ಗಳು, ಜಮಾಅತ್‌ಗಳು, ಟ್ರಸ್ಟ್‌ಗಳು ಶಾಲಿನ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಲಿ: ನಿನ್ನ ಕಾಲೇಜಿನಲ್ಲಿ ಇದಕ್ಕೆ ಅರ್ಜಿ ಹಾಕಿದ ಹಿರಿಯ ವಿದ್ಯಾರ್ಥಿ ಯಾರಾದರೂ ನಿನಗೆ ಪರಿಚಯವೇ? ಸಮುದಾಯದಲ್ಲಿ ವೈದ್ಯಕೀಯ ಪ್ರಾಧ್ಯಾಪಕರಿದ್ದಾರೆ, ವಿದೇಶದ ಪ್ರಯೋಗಾಲಯಗಳಲ್ಲಿ ದುಡಿಯುವವರಿದ್ದಾರೆ. ಅವರನ್ನು ವೇದಿಕೆಗೆ ಕರೆದು ಭಾಷಣ ಮಾಡಿಸಿದ್ದು ಸಾಕು. ಒಬ್ಬೊಬ್ಬರಿಗೆ ಇಬ್ಬಿಬ್ಬರು ವಿದ್ಯಾರ್ಥಿಗಳನ್ನು ಒಪ್ಪಿಸಿ, ವರ್ಷದ ಕೊನೆಗೆ ಏನಾಯಿತೆಂದು ಲೆಕ್ಕ ಕೇಳಲಿ. ಐಸಿಎಂಆರ್‌ನ ಆ ವಿದ್ಯಾರ್ಥಿವೇತನಕ್ಕೆ ವಿದ್ಯಾರ್ಥಿಯೊಬ್ಬಳೇ ಅರ್ಜಿ ಹಾಕುವಂತಿಲ್ಲ. ಜೊತೆಗೆ ನಿಲ್ಲುವ ಮಾರ್ಗದರ್ಶಕರೊಬ್ಬರ ಹೆಸರು ಮೊದಲು ಬೇಕು.